ಬಿಡುಗಡೆಯ ನಂತರ: ಬಾಲಕಾರ್ಮಿಕರ ಪುನರ್ವಸತಿಯಲ್ಲಿ ಸಮಾಜ ಕಾರ್ಯಕರ್ತರ ಪಾತ್ರ

ಹೈದರಾಬಾದಿನ ಮೂಸಿ ನದಿಯ ಉತ್ತರ ದಂಡೆಗೆ ಸಮೀಪದಲ್ಲಿ, ಅಫ್ಜಲ್‌ಗಂಜಿಗೆ ಹೊಂದಿಕೊಂಡಂತೆ, ಬೇಗಂ ಬಜಾರ್ ಎಂಬ ಹಳೆಯ ಸಗಟು ಪೇಟೆಯಿದೆ. ಎರಡನೆಯ ಅಸಫ್ ಜಾ ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ಈ ಭೂಮಿಯನ್ನು ವರ್ತಕರಿಗೆ ದಾನವಾಗಿ ನೀಡಿದಳೆಂದೂ, ಅದರಿಂದಲೇ ಪೇಟೆಗೆ ಈ ಹೆಸರು ಬಂದಿತೆಂದೂ ಪ್ರತೀತಿಯಿದೆ. ತಾಮ್ರ, ಹಿತ್ತಾಳೆ ಮತ್ತು ಉಕ್ಕಿನ ಪಾತ್ರೆಗಳು, ಒಣಹಣ್ಣು, ಸಾಂಬಾರ ಪದಾರ್ಥ, ಪ್ಲಾಸ್ಟಿಕ್ ಸಾಮಾನು, ಆಟಿಕೆ, ಬಳೆ ಇವೆಲ್ಲವೂ ಇಲ್ಲಿಂದ ಚಿಲ್ಲರೆ ಅಂಗಡಿಗಳಿಗೆ ಸಾಗುತ್ತವೆ. ಎರಡು ತಳ್ಳುಬಂಡಿಗಳು ಎದುರುಬದುರಾದರೆ ದಾರಿ ಕಟ್ಟಿಹೋಗುವಷ್ಟು ಇಕ್ಕಟ್ಟಾದ ಗಲ್ಲಿಗಳಲ್ಲಿ ಹಮಾಲರು ದಿನವಿಡೀ ಮೂಟೆ ಹೊರುತ್ತಿರುತ್ತಾರೆ.

ಇಂತಹ ಪೇಟೆಗಳಲ್ಲಿ ದೊಡ್ಡ ವ್ಯಾಪಾರವು ಅಸಂಖ್ಯ ಸಣ್ಣ ಕೆಲಸಗಳ ಮೇಲೆ ನಿಂತಿರುತ್ತದೆ. ಅಟ್ಟದಿಂದ ಸರಕು ಇಳಿಸುವುದು, ಕಾಗದ ಸುತ್ತುವುದು, ಪೆಟ್ಟಿಗೆಗೆ ಹಗ್ಗ ಬಿಗಿಯುವುದು, ಚಹಾ ತರುವುದು, ರಾತ್ರಿ ಕದ ಹಾಕಿದ ಮೇಲೆ ಗೋದಾಮಿನಲ್ಲಿಯೇ ಮಲಗಿ ಕಾವಲಿರುವುದು. ಇವುಗಳಲ್ಲಿ ಒಂದಕ್ಕೂ ವಿಶೇಷ ಕೌಶಲ್ಯ ಬೇಡ; ಕಡಿಮೆ ಕೂಲಿಗೆ, ಎದುರಾಡದೆ, ಹೊತ್ತುಗೊತ್ತಿಲ್ಲದೆ ದುಡಿಯುವ ಕೈಗಳಿದ್ದರೆ ಸಾಕು. ಮಗುವೊಂದು ಇಂತಹ ವ್ಯವಸ್ಥೆಯೊಳಗೆ ಸೇರಿಹೋಗುವುದು ಈ ಕಾರಣದಿಂದಲೇ. ಅದರ ಹೆಸರು ಕೂಡ ಅಲ್ಲಿ ಉಳಿಯುವುದಿಲ್ಲ. ಉತ್ತರ ಭಾರತದ ಅಂಗಡಿಗಳಲ್ಲಿರುವಂತೆ ಇಲ್ಲಿಯೂ ಅಂತಹ ಹುಡುಗನು ಎಲ್ಲರ ಬಾಯಲ್ಲಿ ‘ಚೋಟೂ’ ಆಗಿಬಿಡುತ್ತಾನೆ.

ಕನ್ನಡ ನಾಡಿಗೆ ಬೇಗಂ ಬಜಾರ್ ದೂರದ ಸ್ಥಳವೇನೂ ಅಲ್ಲ. ಬೀದರ್, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ರಾಜಧಾನಿಯಾಗಿದ್ದ ನಗರಕ್ಕೆ ವ್ಯಾಪಾರ, ವಿದ್ಯಾಭ್ಯಾಸ, ನ್ಯಾಯಾಲಯದ ಕೆಲಸಗಳಿಗಾಗಿ ಹೋಗಿಬರುವ ರೂಢಿ ರಾಜ್ಯಗಳ ಪುನರ್ವಿಂಗಡಣೆಯಿಂದ ನಿಲ್ಲಲಿಲ್ಲ. ಕಾಚಿಗುಡದ ನೃಪತುಂಗ ಶಾಲೆ ಮತ್ತು ಕರ್ನಾಟಕ ಸಾಹಿತ್ಯ ಮಂದಿರಗಳು ನೆಲೆ ನಿಂತ ಕನ್ನಡಿಗರ ಸಂಸ್ಥೆಗಳು. ಅವರಲ್ಲದೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಭಾಗದ ಹಳ್ಳಿಗಳಿಂದ ಗುಳೆ ಹೊರಡುವ ಕುಟುಂಬಗಳು ಕಟ್ಟಡದ ಕೆಲಸವನ್ನೂ ಮೂಟೆ ಹೊರುವ ಕೆಲಸವನ್ನೂ ಅರಸಿ ಹೈದರಾಬಾದಿಗೆ ಬರುತ್ತವೆ. ಕರ್ನಾಟಕದ ಬಸ್ಸುಗಳು ಬಂದು ನಿಲ್ಲುವ ಮಹಾತ್ಮ ಗಾಂಧಿ ಬಸ್ ನಿಲ್ದಾಣದಿಂದ ಬೇಗಂ ಬಜಾರಿಗೆ ನಡೆದೇ ಹೋಗಬಹುದು. ಶಾಲೆ ಮತ್ತು ಸಾಹಿತ್ಯ ಮಂದಿರಗಳ ಪರಿಚಯವಿಲ್ಲದೆ ನಗರವನ್ನು ಪ್ರವೇಶಿಸುವ ಈ ಎರಡನೆಯ ಗುಂಪಿನ ಮಕ್ಕಳ ವಿಷಯವೇ ಈ ಲೇಖನಕ್ಕೆ ಆಧಾರ.

ಸೇವೆ ಮತ್ತು ವೃತ್ತಿ

ಭಾರತದಲ್ಲಿ ದಾನ, ಅನ್ನಸತ್ರ, ಅನಾಥಾಶ್ರಮಗಳ ಪರಂಪರೆ ಬಹು ಪ್ರಾಚೀನವಾದುದು. ಸಮಾಜ ಕಾರ್ಯವು ಶಾಸ್ತ್ರೀಯ ತರಬೇತಿಯನ್ನು ಬೇಡುವ ವೃತ್ತಿಯೆಂಬ ಭಾವನೆ ಮಾತ್ರ ಇತ್ತೀಚಿನದು. 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸ್ನಾತಕ ಸಮಾಜ ಕಾರ್ಯ ಶಾಲೆಯು (ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಈ ದಿಸೆಯಲ್ಲಿ ದೇಶದ ಮೊದಲ ಸಂಸ್ಥೆ. 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕವಾಯಿತು. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಸ್ಥಾಪನೆಗೊಂಡಿತು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಈ ವಿಷಯದ ಪ್ರಾಧ್ಯಾಪಕರಾಗಿದ್ದ ಎಚ್.ಎಂ. ಮರುಳಸಿದ್ಧಯ್ಯನವರು ಸಮಾಜ ಕಾರ್ಯವನ್ನು ಕನ್ನಡದಲ್ಲಿಯೇ ಬರೆದು ಬೋಧಿಸಿದವರಲ್ಲಿ ಪ್ರಮುಖರು.

ಸೇವೆಗೂ ವೃತ್ತಿಗೂ ಇರುವ ವ್ಯತ್ಯಾಸವನ್ನು ಪುಸ್ತಕದ ವ್ಯಾಖ್ಯೆಗಳಿಗಿಂತ ಪೇಟೆಯ ಒಂದು ದೃಶ್ಯದಿಂದ ತಿಳಿಯುವುದು ಸುಲಭ. ಹಸಿದ ಹುಡುಗನಿಗೆ ದಾರಿಹೋಕರೊಬ್ಬರು ಬ್ರೆಡ್ಡು ಕೊಡಿಸಿದರೆ ಅದು ಸೇವೆ. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆ ಹುಡುಗ ಯಾರ ಜೊತೆ ಬಂದ, ಎಲ್ಲಿ ಮಲಗುತ್ತಾನೆ, ಕೂಲಿ ಯಾರ ಕೈ ಸೇರುತ್ತದೆ, ಶಾಲೆಯನ್ನು ಯಾವ ತರಗತಿಯಲ್ಲಿ ಬಿಟ್ಟ, ಬಿಡುವ ತಿಂಗಳಲ್ಲಿ ಮನೆಯಲ್ಲಿ ಏನು ನಡೆದಿತ್ತು, ಮರಳಿ ಹೋದರೆ ಅವನನ್ನು ಏನು ಕಾದಿದೆ ಎಂಬುದನ್ನು ಕ್ರಮವಾಗಿ ತಿಳಿದು, ತಿಳಿದುದನ್ನು ಬರೆದಿಟ್ಟು, ಆ ಬರಹದ ಹೊಣೆ ಹೊತ್ತು ಮುಂದಿನ ಕ್ರಮಕ್ಕೆ ದಾರಿ ಮಾಡುವುದು ವೃತ್ತಿ.

ಕಾನೂನಿನ ಚೌಕಟ್ಟು

1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದು ನಿಷಿದ್ಧ; 14ರಿಂದ 18 ವರ್ಷದೊಳಗಿನವರನ್ನು ಅಪಾಯಕಾರಿ ಉದ್ಯೋಗಗಳಲ್ಲಿ ತೊಡಗಿಸುವಂತಿಲ್ಲ. ತಪ್ಪಿತಸ್ಥ ಮಾಲೀಕರಿಗೆ 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ, 20,000ದಿಂದ 50,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 2015ರ ಬಾಲನ್ಯಾಯ ಕಾಯಿದೆಯು ಇಂತಹ ದುಡಿಮೆಯಲ್ಲಿ ಸಿಲುಕಿದ ಮಗುವನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೆಂದು ಪರಿಗಣಿಸುತ್ತದೆ. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರನ್ನೊಳಗೊಂಡ ಈ ಸಮಿತಿಯು ಸಾಮಾಜಿಕ ತನಿಖೆಗೆ ಆದೇಶಿಸುತ್ತದೆ. ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಅಂತಿಮ ಆದೇಶ 4 ತಿಂಗಳೊಳಗೆ ಹೊರಬೀಳಬೇಕು.

ಗೃಹ ಸಚಿವಾಲಯದ ಸೂಚನೆಯಂತೆ 2015ರ ಜನವರಿಯಿಂದ ‘ಆಪರೇಷನ್ ಸ್ಮೈಲ್’ ಎಂಬ ಕಾರ್ಯಾಚರಣೆ ದೇಶದಾದ್ಯಂತ ನಡೆಯಲಾರಂಭಿಸಿತು. ಜುಲೈ ತಿಂಗಳಿನ ಕಾರ್ಯಾಚರಣೆಗೆ ‘ಮುಸ್ಕಾನ್’ ಎಂದು ಹೆಸರು. ಅದೇ 2015ರ ಜನವರಿಯಲ್ಲಿ ಹೈದರಾಬಾದಿನ ಹಳೆಯ ನಗರದ ಬಳೆ ತಯಾರಿಕೆಯ ಮನೆಗಳಿಂದ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಪೊಲೀಸರು ಬಿಡುಗಡೆ ಮಾಡಿದರು. ಅವರಲ್ಲಿ ಹೆಚ್ಚಿನವರು ಬಿಹಾರದವರು. ಚಾರ್ಮಿನಾರ್ ಬಳಿಯ ಲಾಡ್ ಬಜಾರಿನಲ್ಲಿ ಮಿನುಗುವ ಅರಗಿನ ಬಳೆಗಳ ಹಿಂದೆ ಎಂತಹ ಕೋಣೆಗಳಿರಬಹುದೆಂಬುದನ್ನು ನಾಡು ಆಗ ಕಂಡಿತು.

ಬಿಡುಗಡೆಯ ದಿನ ಎಲ್ಲರೂ ಹಾಜರಿರುತ್ತಾರೆ. ಪೊಲೀಸರು, ಕಾರ್ಮಿಕ ಇಲಾಖೆಯವರು, ಸ್ವಯಂಸೇವಾ ಸಂಸ್ಥೆಗಳು, ಪತ್ರಿಕೆಯವರು. ಮರುದಿನದಿಂದ ಆ ಮಗುವಿನೊಂದಿಗೆ ಉಳಿಯುವವರು ಬಹುಮಟ್ಟಿಗೆ ಒಬ್ಬರೇ. ನಿಜವಾದ ಕಷ್ಟಗಳು ಆರಂಭವಾಗುವುದು ಅಲ್ಲಿಂದ.

ಮೊದಲ ಮಾತುಕತೆ

ಉದಾಹರಣೆಗೆ, ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಹದಿಮೂರು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಸಗಟು ಪಾತ್ರೆ ಅಂಗಡಿಯೊಂದರಲ್ಲಿ ಎಂಟು ತಿಂಗಳು ದುಡಿದ ಬಳಿಕ ಅವನನ್ನು ಬಿಡಿಸಿ ತರಲಾಗಿದೆ. ವಯಸ್ಸು ಕೇಳಿದರೆ ಹದಿನೆಂಟು ಎನ್ನುತ್ತಾನೆ. ಅಂಗಡಿ ಯಾರದೆಂದರೆ ಮಾವನದು ಎನ್ನುತ್ತಾನೆ. ಇವೆರಡೂ ಅವನಿಗೆ ಮೊದಲೇ ಕಲಿಸಿಕೊಟ್ಟ ಉತ್ತರಗಳು. ಮೂರನೆಯ ಮಾತನ್ನು ಮಾತ್ರ ಅವನು ತನ್ನದೇ ಆಗಿ ಆಡುತ್ತಾನೆ: “ನನ್ನ ಯಾಕ ಹಿಡಕೊಂಡು ಬಂದ್ರಿ, ಅಕ್ಕೋರೇ? ಈ ತಿಂಗಳ ರೊಕ್ಕ ಅವ್ವಗ ಯಾರು ಕಳಸ್ತಾರ?”

ತರಬೇತಿಯಿಲ್ಲದ ಹಿತೈಷಿಗೆ ಈ ಪ್ರಶ್ನೆ ಕೃತಘ್ನತೆಯಂತೆ ಕೇಳಿಸಬಹುದು. ಸಮಾಜ ಕಾರ್ಯಕರ್ತರಿಗೆ ಅದು ತನಿಖೆಯ ಮೊದಲ ಸುಳಿವು. ಹುಡುಗ ತನ್ನನ್ನು ಬಿಡುಗಡೆ ಹೊಂದಿದವನೆಂದು ಭಾವಿಸಿಲ್ಲ. ದುಡಿಮೆ ಕಳೆದುಕೊಂಡವನೆಂದು ಭಾವಿಸಿದ್ದಾನೆ. ಮನೆಯಲ್ಲಿ ಸಾಲವಿರಬೇಕು, ಬಹುಶಃ ಅದು ಇದೇ ಮಾಲೀಕನಿಂದ ಅಥವಾ ಅವನ ಮಧ್ಯವರ್ತಿಯಿಂದ ಪಡೆದ ಮುಂಗಡವಿರಬೇಕು. ಹಾಗಿದ್ದಲ್ಲಿ ಪ್ರಕರಣವು ಬಾಲಕಾರ್ಮಿಕ ಕಾಯಿದೆಯೊಂದಕ್ಕೇ ಸೀಮಿತವಾಗದೆ, 1976ರ ಜೀತ ಕಾರ್ಮಿಕ ಪದ್ಧತಿ ನಿರ್ಮೂಲನ ಕಾಯಿದೆಯ ವ್ಯಾಪ್ತಿಗೂ ಬರುತ್ತದೆ. ಆ ಕಾಯಿದೆಯಂತೆ ಜೀತದ ಸಾಲ ತಾನಾಗಿಯೇ ರದ್ದಾಗುತ್ತದೆ. ಸಾಲವು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಭಾರ ಸಾಲ ಕೊಟ್ಟವನದು. ಹುಡುಗನ ಒಂದು ಪ್ರಶ್ನೆಯಲ್ಲಿ ಇಷ್ಟು ಸಂಗತಿ ಅಡಗಿರುತ್ತದೆ. ಅದನ್ನು ಕೇಳಿಸಿಕೊಳ್ಳಲು ಭಾಷೆ ಬೇಕು.

ಭಾಷೆಯ ತೊಡಕನ್ನು ಸಾಮಾನ್ಯವಾಗಿ ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹುಡುಗನಿಗೆ ಪೇಟೆಯ ಉರ್ದು ಬರುತ್ತದೆ, ಸ್ವಲ್ಪ ತೆಲುಗು ಬರುತ್ತದೆ, ಆದ್ದರಿಂದ ಸಮಿತಿಯ ಮುಂದೆ ಆ ಭಾಷೆಗಳಲ್ಲಿಯೇ ಹೇಳಿಕೆ ಪಡೆಯಬಹುದೆಂದು ಭಾವಿಸಲಾಗುತ್ತದೆ. ಆದರೆ ಪೇಟೆಯಲ್ಲಿ ಕಲಿತ ಭಾಷೆಯಲ್ಲಿ ಅವನು ಪೇಟೆಯ ಉತ್ತರಗಳನ್ನೇ ಕೊಡುತ್ತಾನೆ. ಹೊಡೆತ, ಹಸಿವು, ರಾತ್ರಿಯ ಭಯ, ಅವ್ವನ ನೆನಪು ಇವು ಕಲಬುರಗಿ ಸೀಮೆಯ ಕನ್ನಡದಲ್ಲಿ ಮಾತ್ರ ಹೊರಬರುತ್ತವೆ. ಆದುದರಿಂದ ಕನ್ನಡ ಬಲ್ಲ ದ್ವಿಭಾಷಿಯನ್ನು ಕರೆಸಬೇಕೆಂದು ಸಮಿತಿಯನ್ನು ಕೋರುವುದು ಸಮಾಜ ಕಾರ್ಯಕರ್ತರ ಕರ್ತವ್ಯ. ಮಗುವಿನ ಅಭಿಪ್ರಾಯವನ್ನು ಆಲಿಸಬೇಕೆಂಬುದು ಬಾಲನ್ಯಾಯ ಕಾಯಿದೆಯ ಮೂಲತತ್ವಗಳಲ್ಲಿ ಒಂದು.

ವಯಸ್ಸಿನ ನಿರ್ಧಾರಕ್ಕೆ ಕಾಯಿದೆಯಲ್ಲಿ ಸ್ಪಷ್ಟ ಕ್ರಮವಿದೆ. ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ಹುಡುಗ ಓದಿದ ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ದೂರವಾಣಿ ಮಾಡಿ ದಾಖಲೆ ತರಿಸಿಕೊಳ್ಳುವ ತಾಳ್ಮೆ ಇಲ್ಲದೆ ನೇರವಾಗಿ ಆಸ್ಪತ್ರೆಗೆ ಕಳುಹಿಸುವುದು ಸರಿಯಾದ ಕ್ರಮವಲ್ಲ. ಮೂಳೆ ಪರೀಕ್ಷೆ ಅಂದಾಜನ್ನು ಮಾತ್ರ ಕೊಡುತ್ತದೆ. ಒಂದೆರಡು ವರ್ಷಗಳ ಅಂತರದಲ್ಲಿ ಮಾಲೀಕನ ಮೇಲಿನ ಪ್ರಕರಣವೇ ಬಿದ್ದುಹೋಗಬಹುದು.

ಪಾತ್ರಗಳ ನಡುವಣ ಘರ್ಷಣೆ

ಸಮಾಜ ಕಾರ್ಯದ ಪಠ್ಯಗಳಲ್ಲಿ ಕಾರ್ಯಕರ್ತರಿಗೆ ಹಲವು ಪಾತ್ರಗಳನ್ನು ವಿಧಿಸಲಾಗಿದೆ. ಆಪ್ತ ಸಲಹೆಗಾರ, ವಕಾಲತ್ತು ವಹಿಸುವವ, ಮಧ್ಯಸ್ಥ, ಶಿಕ್ಷಕ, ಸಂಘಟಕ ಇತ್ಯಾದಿ. ಪುಸ್ತಕದಲ್ಲಿ ಇವು ಒಂದರ ಪಕ್ಕದಲ್ಲಿ ಒಂದು ನೆಮ್ಮದಿಯಾಗಿ ಕುಳಿತಿರುತ್ತವೆ. ಕಾರ್ಯಕ್ಷೇತ್ರದಲ್ಲಿ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ.

ಸಲಹೆಗಾರರಾಗಿ ಕಾರ್ಯಕರ್ತರು ಹುಡುಗನ ವಿಶ್ವಾಸ ಗಳಿಸಬೇಕು. ವಿಶ್ವಾಸ ಬಂದ ಮೇಲೆ ಅವನು ಯಾರಿಗೂ ಹೇಳದುದನ್ನು ಹೇಳುತ್ತಾನೆ: ತನ್ನನ್ನು ಮಧ್ಯವರ್ತಿಗೆ ಒಪ್ಪಿಸಿ ಹಣ ಪಡೆದವನು ಸ್ವಂತ ತಂದೆಯೇ ಎಂದು. ಅದೇ ಕಾರ್ಯಕರ್ತರು ಮರುದಿನ ಸಾಮಾಜಿಕ ತನಿಖಾ ವರದಿ ಬರೆಯಬೇಕು; ಆ ವರದಿಯನ್ನು ಓದಿಯೇ ಹುಡುಗನನ್ನು ತಂದೆಯ ವಶಕ್ಕೆ ಕೊಡಬೇಕೇ ಬೇಡವೇ ಎಂಬುದನ್ನು ಸಮಿತಿ ತೀರ್ಮಾನಿಸುತ್ತದೆ. ಹೇಳಿದುದನ್ನು ಬರೆದರೆ ವಿಶ್ವಾಸಕ್ಕೆ ಭಂಗ, ಬರೆಯದಿದ್ದರೆ ಕರ್ತವ್ಯಕ್ಕೆ ಲೋಪ. ಈ ಇಕ್ಕಟ್ಟಿಗೆ ಪೂರ್ಣ ಪರಿಹಾರವಿಲ್ಲ; ಆದರೆ ಅನುಭವಿ ಕಾರ್ಯಕರ್ತರು ಅನುಸರಿಸುವ ಒಂದು ಪ್ರಾಮಾಣಿಕ ಕ್ರಮವಿದೆ. ಮಾತುಕತೆಯ ಆರಂಭದಲ್ಲಿಯೇ, ಏನನ್ನು ಗುಟ್ಟಾಗಿ ಇಡಲು ಸಾಧ್ಯ, ಏನನ್ನು ಸಮಿತಿಗೆ ತಿಳಿಸಲೇಬೇಕು ಎಂಬುದನ್ನು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿಬಿಡುವುದು. ಹಾಗೆ ಹೇಳಿದರೆ ಕೆಲವು ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಆದರೂ ಅದು ಮೋಸಕ್ಕಿಂತ ಮೇಲು.

ಪೊಲೀಸರೊಂದಿಗಿನ ಸಂಬಂಧವೂ ಸೂಕ್ಷ್ಮವಾದುದು. ದಾಳಿಯ ವೇಳೆ ಕಾರ್ಯಕರ್ತರ ನೆರವಿಲ್ಲದೆ ಮಕ್ಕಳನ್ನು ಸಮಾಧಾನಪಡಿಸುವುದು ಕಷ್ಟ. ಆದರೆ ಅವರು ಪೊಲೀಸರ ಪರವಾಗಿ ಪ್ರಶ್ನೆ ಕೇಳುವವರಾಗಿ ಬದಲಾದರೆ ಮಗುವಿನ ದೃಷ್ಟಿಯಲ್ಲಿ ಇಬ್ಬರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಛಾಯಾಚಿತ್ರದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಅಗತ್ಯ. ಬಿಡುಗಡೆಯಾದ ಮಕ್ಕಳ ಗುರುತು ಪ್ರಕಟಿಸುವುದು ಬಾಲನ್ಯಾಯ ಕಾಯಿದೆಯ 74ನೆಯ ಕಲಮಿನಂತೆ ಅಪರಾಧ. ಇದಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೂ ಮಕ್ಕಳನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆಯುವ ಚಪಲ ಎಷ್ಟೋ ಹಿತೈಷಿಗಳನ್ನೂ ಬಿಟ್ಟಿಲ್ಲ.

ಮಾಲೀಕರೊಡನೆ ವ್ಯವಹರಿಸುವುದು ಇನ್ನೊಂದು ಪರೀಕ್ಷೆ. “ಊಟ ಕೊಟ್ಟೆವು, ನೆರಳು ಕೊಟ್ಟೆವು, ಕೆಲಸ ಕಲಿಸಿದೆವು, ಊರಿನಲ್ಲಿದ್ದರೆ ಏನು ಮಾಡುತ್ತಿದ್ದ?” ಎಂಬ ವಾದವನ್ನು ಪೇಟೆಯಲ್ಲಿ ಕೇಳಬಹುದು. ಹೀಗೆನ್ನುವವರಲ್ಲಿ ಎಲ್ಲರೂ ಕ್ರೂರಿಗಳಲ್ಲ. ತಾವೇ ಬಾಲ್ಯದಲ್ಲಿ ಅಂಗಡಿಯ ಮೆಟ್ಟಿಲಲ್ಲಿ ಬೆಳೆದವರೂ ಇದ್ದಾರೆ. ಆದರೆ ಅವರು ಕಲಿತದ್ದು ತಮ್ಮ ಮನೆತನದ ವ್ಯಾಪಾರವನ್ನು. ಈ ಹುಡುಗ ಕಲಿಯುತ್ತಿರುವುದು ಪೆಟ್ಟಿಗೆಗೆ ಹಗ್ಗ ಬಿಗಿಯುವುದನ್ನು. ಇಪ್ಪತ್ತೈದನೆಯ ವಯಸ್ಸಿಗೆ ಅವನ ಜಾಗಕ್ಕೆ ಬೇರೊಬ್ಬ ಹದಿಮೂರರ ಹುಡುಗ ಬರುತ್ತಾನೆ, ಅವನು ಹಮಾಲಿಗೆ ಇಳಿಯುತ್ತಾನೆ. ವರ್ತಕರ ಸಂಘಗಳ ಸಭೆಗಳಲ್ಲಿ ಈ ಲೆಕ್ಕವನ್ನು ಸಿಟ್ಟಿಲ್ಲದೆ ಮುಂದಿಡುವುದು, ವಯಸ್ಕ ಹಮಾಲರ ಕೂಲಿಯನ್ನು ಮಕ್ಕಳ ದುಡಿಮೆ ಹೇಗೆ ತಗ್ಗಿಸುತ್ತದೆಂಬುದನ್ನು ಹಮಾಲರಿಗೆ ಮನಗಾಣಿಸುವುದು, ಇವೂ ಕಾರ್ಯಕರ್ತರ ಕೆಲಸಗಳೇ.

ಹೆಣ್ಣುಮಕ್ಕಳ ದುಡಿಮೆಯ ಸಂಗತಿ ಇನ್ನೂ ಮರೆಯಾದುದು. ಅಂಗಡಿಯಲ್ಲಿರುವ ಹುಡುಗ ದಾರಿಹೋಕರ ಕಣ್ಣಿಗಾದರೂ ಬೀಳುತ್ತಾನೆ. ಬಳೆಗೆ ಹರಳು ಅಂಟಿಸುವಂತಹ ಕೆಲಸ ಮನೆಯೊಳಗೇ ನಡೆಯುವುದರಿಂದ ಹುಡುಗಿಯರ ದುಡಿಮೆ ಯಾರಿಗೂ ಕಾಣುವುದಿಲ್ಲ. 2016ರ ತಿದ್ದುಪಡಿಯು, ಮಕ್ಕಳು ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಅಪಾಯಕಾರಿಯಲ್ಲದ ಉದ್ಯಮಕ್ಕೆ ನೆರವಾಗಬಹುದೆಂದು ವಿನಾಯಿತಿ ನೀಡಿದೆ. ನೆರವು ಎಲ್ಲಿ ಮುಗಿಯಿತು, ಕೂಲಿ ಎಲ್ಲಿ ಆರಂಭವಾಯಿತು ಎಂಬುದನ್ನು ಹೊಸ್ತಿಲಾಚೆ ನಿಂತ ಕಾರ್ಮಿಕ ನಿರೀಕ್ಷಕರು ಹೇಳಲಾರರು. ಮನೆಯ ಹೆಂಗಸರ ಸ್ನೇಹ ಸಂಪಾದಿಸಿ ಒಳಗೆ ಕುಳಿತು ಮಾತನಾಡಬಲ್ಲ ಕಾರ್ಯಕರ್ತೆ ಹೇಳಬಲ್ಲಳು. ಹುಡುಗಿಯ ಶಾಲೆಯ ಹಾಜರಿ ಪುಸ್ತಕ ಇದಕ್ಕೆ ಅತ್ಯುತ್ತಮ ಸಾಕ್ಷಿ.

ಗಡಿ ದಾಟುವ ಕಡತ

ಬಾಲನ್ಯಾಯ ಕಾಯಿದೆಯ 95ನೆಯ ಕಲಮು ಬೇರೆ ಊರಿನ ಮಗುವನ್ನು ಅದರ ಸ್ವಂತ ಜಿಲ್ಲೆಯ ಸಮಿತಿಗೆ ವರ್ಗಾಯಿಸಲು ಅವಕಾಶ ನೀಡುತ್ತದೆ. ಮೇಲಿನ ಉದಾಹರಣೆಯ ಹುಡುಗ ಹೈದರಾಬಾದಿನ ಸಮಿತಿಯಿಂದ ಯಾದಗಿರಿಯ ಸಮಿತಿಗೆ ಬರುತ್ತಾನೆ. ಹುಡುಗ ಬೆಂಗಾವಲಿನೊಂದಿಗೆ ಒಂದೇ ದಿನದಲ್ಲಿ ತಲುಪುತ್ತಾನೆ. ಅವನ ಕಡತ ಅಷ್ಟು ಬೇಗ ತಲುಪುವುದೆಂಬ ಭರವಸೆಯಿಲ್ಲ.

ಕಡತವೆಂದರೆ ಕೇವಲ ಕಾಗದವಲ್ಲ. ಜೀತಮುಕ್ತಿ ಪ್ರಮಾಣಪತ್ರವನ್ನು ಕೊಡಬೇಕಾದುದು ದುಡಿಮೆ ನಡೆದ ಜಿಲ್ಲೆಯ ಆಡಳಿತ. ಪುನರ್ವಸತಿ ಒದಗಿಸಬೇಕಾದುದು ಊರಿನ ಜಿಲ್ಲೆಯ ಆಡಳಿತ. 2016ರ ಕೇಂದ್ರ ಯೋಜನೆಯಂತೆ ಜೀತದಿಂದ ಬಿಡುಗಡೆಯಾದ ಮಗುವಿಗೆ 2 ಲಕ್ಷ ರೂಪಾಯಿಗಳ ನೆರವಿದೆ. ಆದರೆ ತಕ್ಷಣದ ನೆರವನ್ನು ಬಿಟ್ಟರೆ ಉಳಿದ ಮೊತ್ತ ಮಾಲೀಕನ ಅಪರಾಧ ಸಾಬೀತಾಗುವುದಕ್ಕೆ ಹೊಂದಿಕೊಂಡಿದೆ. ತಕ್ಷಣದ ನೆರವು ಮೊದಲು 20,000 ರೂಪಾಯಿಗಳವರೆಗೆ ಇದ್ದುದು 2022ರಿಂದ 30,000 ರೂಪಾಯಿಗಳವರೆಗೆ ಏರಿದೆ. ಬಾಲಕಾರ್ಮಿಕ ಕಾಯಿದೆಯ ಪುನರ್ವಸತಿ ನಿಧಿಯ ರೀತಿಯೂ ಇಂತಹುದೇ. ಮಾಲೀಕನಿಂದ ವಸೂಲಾದ ದಂಡ ಮಗುವಿನ ಹೆಸರಿಗೆ ಜಮೆಯಾದಾಗ ಸರ್ಕಾರ 15,000 ರೂಪಾಯಿಗಳನ್ನು ಸೇರಿಸುತ್ತದೆ. ದಂಡವೇ ವಸೂಲಾಗದಿದ್ದರೆ ಸೇರಿಸುವ ಪ್ರಶ್ನೆ ಏಳುವುದಿಲ್ಲ. ಹೈದರಾಬಾದಿನ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ಯಾದಗಿರಿಯ ಹುಡುಗನನ್ನು ಕರೆದೊಯ್ಯುವವರು ಯಾರು, ಅಂದಿನ ಕೂಲಿ ಬಿಟ್ಟು ಅವನ ಜೊತೆ ಹೋಗುವ ತಾಯಿಯ ಖರ್ಚು ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಹೋದಲ್ಲಿ ಕಾನೂನಿನ ಉದಾರವಾದ ಅಂಕೆಗಳು ಕಾಗದದ ಮೇಲೆಯೇ ಉಳಿಯುತ್ತವೆ. ಎರಡು ಜಿಲ್ಲೆಗಳ ಮಕ್ಕಳ ರಕ್ಷಣಾ ಘಟಕಗಳ ಕಾರ್ಯಕರ್ತರು ಪರಸ್ಪರ ಪರಿಚಿತರಾಗಿದ್ದು, ದೂರವಾಣಿಯಲ್ಲಿ ಹೆಸರು ಹಿಡಿದು ಕೇಳುವಷ್ಟು ಸಂಪರ್ಕವಿದ್ದರೆ ಕಡತ ಚಲಿಸುತ್ತದೆ. ಸಂಯೋಜನೆ ಎಂಬ ದೊಡ್ಡ ಹೆಸರಿನ ಪಾತ್ರದ ವಾಸ್ತವ ರೂಪ ಇಷ್ಟೇ.

ಊರಿನಲ್ಲಿ ತನಿಖೆ ಮುಂದುವರಿಯುತ್ತದೆ. ಮನೆಯಲ್ಲಿ ಎಷ್ಟು ಜನ, ಜಮೀನು ಉಂಟೇ, ತೊಗರಿ ರಾಶಿಯ ನಂತರ ಕುಟುಂಬ ಎಲ್ಲಿಗೆ ಗುಳೆ ಹೋಗುತ್ತದೆ, ತಂದೆಗೆ ಕುಡಿತದ ಚಟವಿದೆಯೇ, ಅಕ್ಕನ ಮದುವೆಗೆ ಮಾಡಿದ ಸಾಲವೆಷ್ಟು ಎಂಬುದೆಲ್ಲ ವರದಿಯಲ್ಲಿ ಬರಬೇಕು. ಇಂತಹ ವಿವರಗಳನ್ನು ತಾಯಿ ಮೊದಲ ಭೇಟಿಯಲ್ಲಿ ಹೇಳುವುದಿಲ್ಲ. ಎರಡನೆಯ ಭೇಟಿಯಲ್ಲಿ, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ ಮೇಲೆ ಹೇಳಬಹುದು. ಹದಿನೈದು ದಿನಗಳ ಗಡುವಿನಲ್ಲಿ ಎರಡನೆಯ ಭೇಟಿಗೆ ಅವಕಾಶವಾಗದೆ, ನಮೂನೆಯ ಖಾನೆಗಳನ್ನು ‘ಬಡತನ’, ‘ಅನಕ್ಷರತೆ’ ಎಂಬ ಎರಡು ಪದಗಳಿಂದ ತುಂಬಿಸಿದ ವರದಿಗಳೂ ಉಂಟು. ಅಂತಹ ವರದಿ ಯಾವ ಮನೆಗಾದರೂ ಸಲ್ಲುತ್ತದೆ. ಆದ್ದರಿಂದ ಯಾವ ಮಗುವಿಗೂ ಸಲ್ಲುವುದಿಲ್ಲ.

ಶಾಲೆಯ ವಿಷಯದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ಬಲವಾದ ಆಸರೆ. ವರ್ಗಾವಣೆ ಪತ್ರ ತಡವಾಯಿತೆಂದು ಅಥವಾ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕು. ಆದರೆ ಎರಡು ವರ್ಷ ನಗರದಲ್ಲಿ ದುಡಿದು, ಹಣ ಎಣಿಸಿ, ಬೀಡಿ ಸೇದಲು ಕಲಿತು ಬಂದ ಹುಡುಗನಿಗೆ ಬೆಂಚಿನ ಮೇಲೆ ಕುಳಿತುಕೊಳ್ಳುವುದೇ ಶಿಕ್ಷೆಯಾಗುತ್ತದೆ. ಉಪಾಧ್ಯಾಯರು ಎಲ್ಲರೆದುರು “ಬಂದನಪ್ಪಾ ಹೈದರಾಬಾದ್ ಸಾಹೇಬ” ಎಂದು ನಕ್ಕರೆ ಮರುದಿನ ಅವನು ಶಾಲೆಗೆ ಬಾರದಿರುವುದು ಸಹಜ. ಪ್ರವೇಶಕ್ಕೆ ಮೊದಲೇ ಕಾರ್ಯಕರ್ತರು ಉಪಾಧ್ಯಾಯರನ್ನು ಕಂಡು ಮಾತನಾಡುವುದು ಇದೇ ಕಾರಣಕ್ಕೆ.

ಈ ವಿಷಯದಲ್ಲಿ ಹೈದರಾಬಾದಿನ ಸುತ್ತಲಿನ ರಂಗಾರೆಡ್ಡಿ ಜಿಲ್ಲೆಯ ಅನುಭವ ಗಮನಾರ್ಹ. ಶಾಂತಾ ಸಿನ್ಹಾ ಅವರ ನೇತೃತ್ವದಲ್ಲಿ ಮಾಮಿಡಿಪೂಡಿ ವೆಂಕಟರಂಗಯ್ಯ ಪ್ರತಿಷ್ಠಾನವು 1991ರ ಸುಮಾರಿನಿಂದ ಅಲ್ಲಿ ಬಾಲಕಾರ್ಮಿಕರ ನಡುವೆ ಕೆಲಸ ಮಾಡಿತು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬುದು ಆ ಸಂಸ್ಥೆಯ ನಿಲುವು. ದುಡಿಮೆ ಬಿಟ್ಟ ಮಕ್ಕಳನ್ನು ನೇರವಾಗಿ ತರಗತಿಗೆ ದೂಡದೆ ಮೊದಲು ಸೇತುಬಂಧ ಶಿಬಿರಗಳಲ್ಲಿ ಇರಿಸಿ ಓದುಬರಹಕ್ಕೆ ಅಣಿಗೊಳಿಸಲಾಯಿತು. ಅದಕ್ಕಿಂತಲೂ ಮುಖ್ಯವಾಗಿ, ಮಗುವನ್ನು ದುಡಿಮೆಗೆ ಕಳುಹಿಸುವುದು ನಾಚಿಕೆಯ ಸಂಗತಿಯೆಂದು ಊರೇ ಭಾವಿಸುವಂತೆ ಗ್ರಾಮಸ್ಥರನ್ನು ಸಂಘಟಿಸಲಾಯಿತು. ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರಾದವರೂ ಅವರೇ. ಬಡ ತಂದೆತಾಯಿಗಳು ಮಕ್ಕಳನ್ನು ಓದಿಸಲು ಬಯಸುವುದಿಲ್ಲವೆಂಬ ನಂಬಿಕೆಯನ್ನು ಈ ಅನುಭವ ಪ್ರಶ್ನಿಸಿತು.

ಕುಟುಂಬದ ಕೈ ಹಿಡಿಯಲು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವದ ಸೌಲಭ್ಯವಿದೆ. ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ 72,000, ನಗರಗಳಲ್ಲಿ 96,000 ರೂಪಾಯಿಗಳನ್ನು ಮೀರದ ಅರ್ಹ ಕುಟುಂಬಗಳ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯಬಹುದು. ಮೊದಲ ಮಾತುಕತೆಯಲ್ಲಿ ಹುಡುಗ ಕೇಳಿದ ಪ್ರಶ್ನೆಗೆ ಸರ್ಕಾರ ನೀಡಬಲ್ಲ ಅತ್ಯಂತ ನೇರ ಉತ್ತರವೆಂದರೆ ಇದೇ. ಅರ್ಜಿ, ಆದಾಯ ಪತ್ರ, ಬ್ಯಾಂಕ್ ಖಾತೆ ಇವುಗಳನ್ನು ಗುಳೆಯ ಕಾಲ ಬರುವ ಮೊದಲೇ ಸಿದ್ಧಪಡಿಸಬೇಕು. ತಡವಾದರೆ ಹಣ ಮಂಜೂರಾಗುವ ಹೊತ್ತಿಗೆ ಮನೆಗೆ ಬೀಗ ಬಿದ್ದಿರುತ್ತದೆ, ಹುಡುಗ ಬೇರೊಂದು ನಗರದ ಬೇರೊಂದು ಪೇಟೆಯಲ್ಲಿರುತ್ತಾನೆ.

ಕಾರ್ಯಕರ್ತರ ಸ್ಥಿತಿ

ಇಷ್ಟೆಲ್ಲ ಹೊಣೆ ಹೊತ್ತವರ ಸ್ಥಾನಮಾನವೇನು? ವೈದ್ಯರಿಗೂ ವಕೀಲರಿಗೂ ಇರುವಂತೆ ಎಲ್ಲ ಸಮಾಜ ಕಾರ್ಯಕರ್ತರನ್ನೂ ನೋಂದಾಯಿಸಿ ವೃತ್ತಿಯ ಮಟ್ಟವನ್ನು ಕಾಯುವ ಶಾಸನಬದ್ಧ ಮಂಡಳಿ ಭಾರತದಲ್ಲಿಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯಿದೆಯು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಹೀಗಾಗಿ ಆಸ್ಪತ್ರೆಯೊಳಗಿನ ಸಮಾಜ ಕಾರ್ಯಕರ್ತೆಗೆ ಮಾನ್ಯತೆಯ ದಾರಿ ತೆರೆದಿದೆ. ಹೊರಗೆ ಗಲ್ಲಿಯಲ್ಲಿ ಮಕ್ಕಳನ್ನು ಹುಡುಕುವ ಅವಳ ಸಹೋದ್ಯೋಗಿಗೆ ಇಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಗಳು ಬೆರಳೆಣಿಕೆಯವು; ಅವುಗಳಲ್ಲಿ ಗುತ್ತಿಗೆಯ ನೇಮಕವೇ ಸಾಮಾನ್ಯ. ಒಬ್ಬ ಕಾರ್ಯಕರ್ತೆ ಹುದ್ದೆ ಬಿಟ್ಟುಹೋದಾಗ ಆಕೆಯೊಂದಿಗೆ ಹಲವಾರು ಮಕ್ಕಳ ಕಥೆಗಳೂ ಹೋಗುತ್ತವೆ, ಏಕೆಂದರೆ ವರದಿಯಲ್ಲಿ ಬರೆಯಲಾಗದ ಎಷ್ಟೋ ಸಂಗತಿಗಳು ಆಕೆಯ ನೆನಪಿನಲ್ಲಿ ಮಾತ್ರ ಇರುತ್ತವೆ.

ಬೆದರಿಕೆಯನ್ನು ಎದುರಿಸುವುದಕ್ಕಿಂತ, ಬಿಡಿಸಿದ ಹುಡುಗ ಮತ್ತೆ ಅದೇ ಬಸ್ ನಿಲ್ದಾಣದಲ್ಲಿ ಇಳಿಯುವುದನ್ನು ಕಾಣುವುದು ಹೆಚ್ಚು ನೋವು ತರುತ್ತದೆ. ಮನಸ್ಸಿನ ಈ ಆಯಾಸಕ್ಕೆ ವೃತ್ತಿಯಲ್ಲಿ ಹಿರಿಯರ ಮೇಲ್ವಿಚಾರಣೆ ಎಂಬ ವ್ಯವಸ್ಥೆಯುಂಟು. ವಾರಕ್ಕೊಮ್ಮೆ ಅನುಭವಿಗಳೊಬ್ಬರ ಎದುರು ಕುಳಿತು ಪ್ರಕರಣಗಳನ್ನು ಬಿಡಿಸಿ ಹೇಳುವುದು ಅದರ ಕ್ರಮ. ವಿದ್ಯಾರ್ಥಿ ದೆಸೆಯಲ್ಲಿ ಎಲ್ಲರಿಗೂ ಇದು ಕಡ್ಡಾಯ. ನೌಕರಿಗೆ ಸೇರಿದ ಮೇಲೆ ದೊರೆಯುವುದು ಅಪರೂಪ.

ಸಾರ್ವಜನಿಕರು ಗಮನಿಸಬೇಕಾದುದು

ದುಡಿಯುತ್ತಿರುವ ಅಥವಾ ಸಂಕಟದಲ್ಲಿರುವ ಮಗುವನ್ನು ಕಂಡವರು 1098 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯೋಗವಾಗಿ ಮುಂಬಯಿಯಲ್ಲಿ ಆರಂಭವಾದ ಈ ಸಹಾಯವಾಣಿಯ ನಿರ್ವಹಣೆಯನ್ನು 2023ರಿಂದ ಸರ್ಕಾರವೇ ವಹಿಸಿಕೊಂಡಿದ್ದು, 112 ತುರ್ತು ಸೇವೆಯೊಂದಿಗೆ ಅದನ್ನು ಜೋಡಿಸಲಾಗಿದೆ. ಅಂಗಡಿ ಅಥವಾ ಗೋದಾಮಿನ ಗುರುತು, ಗಲ್ಲಿಯ ಹೆಸರು, ಮಗು ಕಾಣಸಿಗುವ ಹೊತ್ತು, ಸಾಧ್ಯವಾದರೆ ಅದು ಆಡುವ ಭಾಷೆ ಇಷ್ಟನ್ನು ತಿಳಿಸಿದರೆ ಬಹಳ ಉಪಯೋಗವಾಗುತ್ತದೆ. ಮಾಲೀಕನೊಡನೆ ಸ್ಥಳದಲ್ಲಿಯೇ ಜಗಳಕ್ಕಿಳಿಯುವುದು, ಮಗುವಿನ ಚಿತ್ರ ತೆಗೆದು ಹಂಚುವುದು ಬೇಡ. ಹಾಗೆ ಮಾಡಿದರೆ ಆ ರಾತ್ರಿಯೇ ಮಗುವನ್ನು ಬೇರೆ ಗೋದಾಮಿಗೆ ಸಾಗಿಸಬಹುದು. ಮರುದಿನ ಬೆಳಿಗ್ಗೆ ಬಂದ ಕಾರ್ಯಕರ್ತರಿಗೆ ಸಿಗುವುದು ಮಡಚಿಟ್ಟ ಗೋಣಿಚೀಲ ಮಾತ್ರ.